ಕಲ್ಲು ಸರಿಸಿದ ಮಾವ

ನಮ್ಮ ಮಾವನ ಬಲಗೈ ಮೊಣಕೈತನಕ ಉಪ್ಪು ಹತ್ತಿ ಬೆಳ್ಳಗೆ ಬಿರಿದಿರುತ್ತಿತ್ತು. ಬನಹಟ್ಟಿಯಲ್ಲಿ ಉಳಿದವರ ಕೈಗೆ ನೂಲಿನ ಬಣ್ಣ ಹತ್ತಿದರೆ ಇವರ ಕೈಗೆ ಸಮುದ್ರ ಹತ್ತಿತ್ತು. ಅದೇ ಕೈಯಲ್ಲಿ ಊಟಕ್ಕೆ ಕೂತರೆ ನಾನು ತಾಟನ್ನು ದೂರದಿಂದಲೇ ತಳ್ಳುತ್ತಿದ್ದೆ.

ಮುಂಬಯಿಯ ಬಣ್ಣದ ಮೀನಿನ ಅಂಗಡಿಯೊಂದರಲ್ಲಿ ದುಡಿದು ಮುದುಕರಾಗಿ ಊರಿಗೆ ಬಂದವರು, ಜೊತೆಗೆ ಮಂಚದಷ್ಟು ಉದ್ದದ ಗಾಜಿನ ತೊಟ್ಟಿಯೊಂದನ್ನು ತಂದಿದ್ದರು. ಸೀರೆ ಗಂಟು ಒಯ್ದ ಲಾರಿ ಗೋವೆಯಿಂದ ಬರುವಾಗ ಇವರಿಗೆ ಕ್ಯಾನಿನಲ್ಲಿ ಸಮುದ್ರದ ನೀರು ತರಬೇಕು. ಕರೆಂಟು ಹೋಗಿ ಮಗ್ಗ ನಿಂತರೆ ಓಣಿಯವರೆಲ್ಲ ಹರಟೆಗೆ ಹೊರಬರುತ್ತಿದ್ದರು. ಇವರು ಸಾರಿನ ಸೌಟು ಕಸಿದುಕೊಂಡು ಓಡಿ, ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಹುಯ್ಯುತ್ತಿದ್ದರು. ಮೀನಿಗೆ ಗಾಳಿ ಬೇಕಂತೆ! ಮನೆಯಲ್ಲೇ ಸೊಸೆಯೊಬ್ಬಳು ಉಸಿರುಗಟ್ಟಿ ಸಾಯುತ್ತಿದ್ದುದು ಕಣ್ಣಿಗೆ ಬೀಳಲಿಲ್ಲ.

ಆ ಸೊಸೆ ನಾನು. ಲೋಕಾಪುರದಿಂದ ಆ ಬೇಸಿಗೆಯಲ್ಲಿ ಮದುವೆಯಾಗಿ ಬಂದಿದ್ದೆ. ಅತ್ತೆ ತೀರಿಕೊಂಡಿದ್ದರು. ಅಡುಗೆಮನೆಯೆಲ್ಲ ನನ್ನ ನೆಗೆಣ್ಣಿಯದು, ಅಂದರೆ ಗಂಡನ ಅಣ್ಣನ ಹೆಂಡತಿಯದು. ಮಣ್ಣಿನ ಒಲೆಯನ್ನು ಅವಳೇ ಮೆತ್ತಿದ್ದಳು. ನಾನು ರೊಟ್ಟಿ ಬಡಿಯಲು ಕೂತರೆ, "ಏಳ ಬೇ, ನನ್ನ ಒಲಿ ಮುಂದ ಕುಂದರಬ್ಯಾಡ" ಎಂದು ಹಿಟ್ಟಿನ ಪರಾತ ಎಳೆದುಕೊಳ್ಳುತ್ತಿದ್ದಳು. ಉಪ್ಪಿನ ಡಬ್ಬಿ ಮುಟ್ಟಿದರೂ ರಾದ್ಧಾಂತ. ನಾನೇನು ಕಡಿಮೆಯವಳೇ? ನಮ್ಮಿಬ್ಬರ ಕೂಗು ಮಗ್ಗದ ಸದ್ದನ್ನೂ ಮೀರಿ ಓಣಿಯ ತುದಿಗೆ ಕೇಳುತ್ತಿತ್ತು. ಕಡೆಗೆ ಗಂಡನಿಗೆ ಹೇಳಿಬಿಟ್ಟೆ: "ಪಂಚಮಿಗೆ ತವರಿಗೆ ಹೋದರ ನಾ ತಿರುಗಿ ಬರೂದಿಲ್ಲ."

ಮಾವನಿಗೆ ಎಲ್ಲ ಕೇಳುತ್ತಿತ್ತು. ಅವರು ತೊಟ್ಟಿ ಬಿಟ್ಟು ಏಳುತ್ತಿರಲಿಲ್ಲ.

ಅದರೊಳಗೂ ಜಗಳವೇ. ಬೆರಳುದ್ದದ ಹಳೇ ನೀಲಿ ಮೀನೊಂದು, ಮಹಾ ಪುಂಡ. ಹೊಸದಾಗಿ ಬಿಟ್ಟ ಬಿಳಿ ಪಟ್ಟಿಯ ಕೇಸರಿ ಮೀನನ್ನು ಮೂಲೆಗೆ ಒತ್ತರಿಸಿ ರೆಕ್ಕೆ ಹರಿಯುತ್ತಿತ್ತು.

"ಆ ನೀಲೀದನ್ನ ಹಿಡದು ಹೊರಗ ಒಗೀರಿ, ಮಾವಾರ" ಎಂದೆ ಹಲ್ಲು ಕಡಿದು.

"ಅದೇನ ಮಾಡೀತವಾ, ಆ ಕಲ್ಲಿನ ಸಂದಿ ತನ್ನದ ಅಂತ ತಿಳದೈತಿ" ಎಂದರು.

ನೀಲಿಯನ್ನು ತೂತಿನ ಡಬ್ಬಿಯೊಂದರಲ್ಲಿ ಹಾಕಿ ಅದೇ ನೀರಿನಲ್ಲಿ ತೂಗುಬಿಟ್ಟರು. ಹವಳ ಅಂಟಿದ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಥರ ಜೋಡಿಸಿದರು. ಕೇಸರಿ ತನಗೊಂದು ಸಂದಿ ಹುಡುಕಿಕೊಂಡ ಮೇಲೆ ನೀಲಿಯನ್ನು ಬಿಟ್ಟರು. ಅದು ತನ್ನ ಹಳೇ ಸಂದಿ ಹುಡುಕುತ್ತ ದಿನವೆಲ್ಲ ತಿರುಗಿತು. ಜಗಳಕ್ಕೆ ಅದಕ್ಕೆ ಪುರಸೊತ್ತೇ ಸಿಗಲಿಲ್ಲ.

"ಜಗಳ ಬಿಡಸಾಕ ಹೋಗಬಾರದು. ಕಲ್ಲ ಸರಸಬೇಕು" ಎಂದರು.

ಕೆಲಸವಿಲ್ಲದ ಮುದುಕ ಎಂದು ಗೊಣಗುತ್ತ ಒಳಗೆ ಹೋದೆ.

ನಾಗರ ಪಂಚಮಿಗೆ ನನ್ನಣ್ಣ ಕರೆಯಲು ಬಂದ. ಮದುವೆಯಾದ ಮೊದಲ ಪಂಚಮಿ, ಯಾವ ಹೆಣ್ಣಾದರೂ ತವರಿನಲ್ಲಿರಬೇಕಾದ ಹಬ್ಬ. ಮಾವ ಅವನಿಗೆ ಚಹಾ ಕುಡಿಸಿ, "ಮೊದಲ ಹಿರೀ ಸೊಸಿ ಹೋಗಿ ಬರಲಿ. ಆಮ್ಯಾಲ ಈಕಿನ್ನ ಕಳಸ್ತೇನಿ" ಎಂದು ಬರಿಗೈಯಲ್ಲಿ ಹಿಂದಕ್ಕೆ ಕಳಿಸಿದರು. ನನ್ನ ಮೈಯೆಲ್ಲ ಉರಿಯಿತು. ಅಣ್ಣ ತಂದ ಶೇಂಗಾ ಉಂಡಿಗಳನ್ನು ಅವರ ಮುಂದೆಯೇ ನೆಲಕ್ಕೆ ಒಗೆದೆ. ಪುಣ್ಯಾತ್ಮ ಒಂದೊಂದನ್ನೇ ಆರಿಸಿ, ಊದಿ ತಿಂದರು.

ನೆಗೆಣ್ಣಿ ಮುಧೋಳದ ಬಸ್ಸು ಹತ್ತಿದ್ದೇ ತಡ, ಗುದ್ದಲಿ ತಂದು ಅವಳ ಒಲೆಯನ್ನು ಒಡೆದರು! ನಾನು ಹಿಟ್ಟಿನ ಕೈಯಲ್ಲೇ ಓಡಿಬಂದೆ.

"ಕಿಟಕಿ ಬಾಜೂಕ ಹೊಸಾ ಒಲಿ ಮೆತ್ತು. ಎರಡು ಬಾಯಿ ಇರಲಿ" ಎಂದರು.

ಮಣ್ಣನ್ನು ಅವರೇ ಹೊತ್ತು ತಂದರು. ಡಬ್ಬಿ, ಗಡಿಗೆ, ಹಲಗೆ ಎಲ್ಲ ಗೋಡೆ ಬದಲಿಸಿದವು.

ನೆಗೆಣ್ಣಿ ಬಂದು ಹೊಸ್ತಿಲಲ್ಲೇ ಚೀರಿದಳು. "ನನ್ನ ಒಲಿ ಎಲ್ಲೈತಿ? ನಾವೇನ ನಿಮ್ಮ ಮೀನೇನ್ರಿ ಮಾವಾರ?"

ನನಗೆ ಹೊಳೆದದ್ದೇ ಆಗ. ಅಯ್ಯ ಈ ಮುದುಕನ! ನಾನೂ ಅವಳ ಜೊತೆ ಸೇರಿ ಬೈದೆ. ನಾವಿಬ್ಬರೂ ಒಂದೇ ಕಡೆ ನಿಂತು ಕೂಗಿದ್ದು ಅದೇ ಮೊದಲು. ಅಷ್ಟರಲ್ಲಿ ಕರೆಂಟು ಹೋಯಿತು. ಮಾವ ಸೌಟು ಹಿಡಿದು ತೊಟ್ಟಿಯ ಕಡೆ ನಡೆದರು.

ಸಂಜೆ ನೆಗೆಣ್ಣಿ ಮುಖ ತಿರುಗಿಸಿಕೊಂಡೇ ಕೇಳಿದಳು, "ಉಪ್ಪು ಎಲ್ಲೈತಿ?" ಒಂದಿಷ್ಟು ಹೊತ್ತು ಕಾಯಿಸಿ ತೋರಿಸಿದೆ. ಒಲೆಯ ಒಂದು ಬಾಯಿ ಅವಳಿಗೆ, ಒಂದು ನನಗೆ. ಮರುದಿನ ಮಾವ ನನ್ನನ್ನು ತವರಿಗೆ ಕಳಿಸಿದರು. ಹೋದೆ, ತಿರುಗಿ ಬಂದೆ. ನಾನು ಮೆತ್ತಿದ ಒಲೆಯನ್ನು ಅವಳೊಬ್ಬಳಿಗೇ ಬಿಟ್ಟುಕೊಡಲು ನನಗೇನು ಹುಚ್ಚೇ?

ಕೆಲವು ವರ್ಷಗಳ ಮೇಲೆ ಮಾವ ತೀರಿಕೊಂಡರು. ಹಿಂದೆಯೇ ಮೀನುಗಳೂ ಹೋದವು; ಆ ಸೌಟಿನ ಕೆಲಸ ನಮಗ್ಯಾರಿಗೂ ಬರಲಿಲ್ಲ. ನಾನೂ ಅತ್ತುಬಿಟ್ಟೆ. ನಮ್ಮನ್ನು ಮೀನಿನ ಹಾಗೆ ಕಂಡ ಸಿಟ್ಟು ಮಾತ್ರ ಇಳಿದಿಲ್ಲ.

ಮುಂದೆ ಗಂಡನ ತಮ್ಮನ ಮದುವೆ ಗೊತ್ತಾಯಿತು. ಹೊಸ ಸೊಸೆ ಮನೆ ತುಂಬುವ ಹಿಂದಿನ ವಾರ ಅಡುಗೆಮನೆಗೆ ಬಂದರೆ, ನೆಗೆಣ್ಣಿ ಸೆರಗು ಸಿಗಿಸಿ ಗುದ್ದಲಿ ಹಿಡಿದು ಒಲೆಯ ಮುಂದೆ ನಿಂತಿದ್ದಾಳೆ.

"ಬಾಯಿ ತಕ್ಕೊಂಡು ಏನ ನೋಡ್ತಿ?" ಎಂದಳು. "ಆ ಹುಡುಗಿ ಬರೂದ್ರಾಗ ಇದನ್ನ ಸರಸಬೇಕಲ್ಲ."

"ನಾ ಮೆತ್ತಿದ ಒಲಿ. ನಾನ ಒಡೀತೇನಿ, ತಾ ಇಲ್ಲಿ."

ಗುದ್ದಲಿಗಾಗಿ ಒಂದಿಷ್ಟು ಹೊತ್ತು ಜಗ್ಗಾಡಿದೆವು. ಆಮೇಲೆ ಇಬ್ಬರೂ ಸೇರಿ ಒಡೆದೆವು.