ಬತ್ತಿದ ಬಾವಿಯ ಸೆಲ್ಲುಗಳು

ಗೆಳೆಯರೇ, ನಾನಿರುವ ಜರ್ಮನಿಯಲ್ಲಿ ಸತ್ತ ಸೆಲ್ಲುಗಳನ್ನು ಹಾಕಲು ಅಂಗಡಿಯ ಬಾಗಿಲಲ್ಲೇ ಡಬ್ಬಿ ಇರುತ್ತದೆ. ರಜೆಗೆ ಭಾಲ್ಕಿಗೆ ಬಂದವಳು ಇಂದು ಮಧ್ಯಾಹ್ನ ಅವ್ವನ ಗಡಿಯಾರ, ರಿಮೋಟಿನ ಹಳೇ ಸೆಲ್ಲು ಹಿಡಿದು ಅಂಥದ್ದೇ ಡಬ್ಬಿ ಹುಡುಕಿದೆ. ಅಂಗಡಿಯವರು ನಕ್ಕರು. ಪಕ್ಕದ ಮನೆಯ ಕಾಶೀಬಾಯಿ ಮಾತ್ರ, "ಬಾ ತಂಗಿ, ನಾವೆಲ್ಲಾ ಒಗಿಯೋ ಜಾಗಾ ತೋರಸ್ತೇನಿ" ಎಂದು ಓಣಿಯ ಬಾವಿಗೆ ಕರೆದೊಯ್ದರು.

ಬರಕ್ಕೆ ಬಾವಿ ಪೂರಾ ಒಣಗಿದೆ. ಬಗ್ಗಿ ನೋಡಿದರೆ ತಳದಲ್ಲಿ ತುಕ್ಕು ಹಿಡಿದ ಸೆಲ್ಲುಗಳ ರಾಶಿ. ಅದರೊಳಗಿಂದ ಒಂದು ಮಗು ಕಿಲಕಿಲ ನಕ್ಕು, "ಮಮ್ಮೀ..." ಎಂದಿತು. ನಾನು ಥಟ್ಟನೆ ಹಿಂದೆ ಸರಿದೆ.

"ಅಂಜಬ್ಯಾಡ, ಸೆಲ್ಲಿನ ಗೊಂಬಿ ಅದು. ಪುಣೇಕ ದುಡ್ಯಾಕ ಹೋದವರು ಕೆಟ್ಟದಂತ ಒಗದು ಹೋಗ್ಯಾರ. ಬಿಸಲು ಬಿತ್ತಂದ್ರ ಒಳಗಿನ ಸೆಲ್ಲು ಕಾದು ಹಿಂಗೇ ಕರೀತದ."

"ಯಾರೂ ತಗಿಯೂದಿಲ್ಲೇನ್ರಿ?"

"ಯಾರ ಇಳೀತಾರವ್ವ? ಮಳಿ ಬಂದು ಬಾವಿ ತುಂಬಿದ್ರ ತಾನೇ ಸುಮ್ಮನಾಗ್ತದ."

"ಆಮ್ಯಾಲ ಆ ನೀರು ಏನ್ ಮಾಡ್ತೀರಿ?"

"ಏನ್ ಮಾಡ್ತಾರ? ಕುಡೀತೇವಿ."

ಸೆಲ್ಲುಗಳನ್ನು ಮನೆಗೆ ವಾಪಸ್ ತಂದೆ. ಸಂಜೆ ಅವ್ವ ದೇವರ ಮುಂದೆ ಮಳೆ ಬೇಡುವಾಗ ನಾನೂ ಕೈಮುಗಿದೆ. ಎಲ್ಲಾ ಕಡೆ ಬರಲಿ ತಾಯಿ, ನಮ್ಮ ಓಣಿಯ ಬಾವಿಯೊಂದನ್ನು ಬಿಟ್ಟು.