ಸೆಕೆಂಡ್ ಹಾಫಿನಲ್ಲಿ ಏನಾಯಿತು?

ಕಳೆದ ಭಾನುವಾರ ಒಂದು ಹಾಕಿ ಫೈನಲ್ಲಿಗೆ ಹೋಗಿದ್ದೆ. ಸೆಕೆಂಡ್ ಹಾಫಿನಲ್ಲಿ ನಮ್ಮ ಹುಡುಗಿಯರು ಮೂರು ಗೋಲು ಹೊಡೆದರು. ಅದರಲ್ಲಿ ಒಂದನ್ನೂ ನಾನು ನೋಡಲಿಲ್ಲ.

ನಿದ್ದೆ ಬಂದಿರಲಿಲ್ಲ. ಹರಟೆಯಲ್ಲೂ ಮುಳುಗಿರಲಿಲ್ಲ. ನನ್ನ ಕಣ್ಣು ಮೈದಾನದ ಗೇಟಿನ ಮೇಲಿತ್ತು. ಯಾರಾದರೂ ಸ್ಕೂಟರ್ ಹತ್ತಿ ಬಂದು ಸುದ್ದಿ ಹೇಳುತ್ತಾರೇನೋ ಎಂದು ಕಾಯುತ್ತಿದ್ದೆ. ಯಾರೂ ಬರದೇ ಇದ್ದರೆ ಸಾಕು ಎಂದೂ ಬೇಡಿಕೊಳ್ಳುತ್ತಿದ್ದೆ.

ಮೊದಲಿಂದ ಹೇಳುತ್ತೇನೆ.

ಹೆಣ್ಣುಮಕ್ಕಳ ಕಾಲೇಜು ಹಾಕಿ ನೋಡಲು ನಾಗಪುರದಲ್ಲಿ ಯಾರು ಬರುತ್ತಾರೆ? ಆಡುವವರ ಅಪ್ಪ-ಅಮ್ಮ, ಅವರ ಅಕ್ಕಪಕ್ಕದವರು, ಅಷ್ಟೆ. ನಾವು ಎರಡನೇ ಜಾತಿ. ನಮ್ಮ ಕ್ವಾರ್ಟರ್ಸಿನ ಕೆಳಗಿನ ಮನೆಯ ಹಂಪಿಹೊಳಿಯವರ ಮಗಳು ಅಶ್ವಿನಿ ಕಾಲೇಜು ಟೀಮಿನ ಫಾರ್ವರ್ಡ್. ಅವಳ ಮ್ಯಾಚ್ ಎಂದರೆ ನಾನೂ ನಮ್ಮನೆಯವರೂ ಹಾಜರ್. ಬ್ಯಾಂಕಿನ ಜೋಶಿಯವರು ಹಾಜರ್. ಕಾಮ್ಠಿಯಲ್ಲಿ ಫೌಜಿನಿಂದ ರಿಟೈರ್ ಆಗಿ ಇಲ್ಲೇ ಉಳಿದುಬಿಟ್ಟ ಕೊಡಗಿನ ಪೊನ್ನಪ್ಪನವರಂತೂ ಎಲ್ಲರಿಗಿಂತ ಮೊದಲೇ ಬಂದು ಗೋಲ್‌ಪೋಸ್ಟಿನ ಬಲೆ ಸರಿಯಾಗಿದೆಯೇ ಎಂದು ಜಗ್ಗಿ ನೋಡುತ್ತಾರೆ.

ಹಂಪಿಹೊಳಿಯವರು ಧಾರವಾಡದ ಕಡೆಯವರು, ಕೇಂದ್ರ ಸರಕಾರದ ನೌಕರಿ. ಆಫೀಸಿನಲ್ಲಿ ಅವರ ದನಿ ಕೇಳಿದವರು ಕಡಿಮೆಯಂತೆ. ಮೈದಾನದಲ್ಲಿ ಕೇಳದವರು ಇಲ್ಲ. ಮಗಳು ಓಡಿದಂತೆ ಇವರೂ ಗೆರೆಯ ಗುಂಟ ಓಡುತ್ತಾರೆ. "ಆಶೂ, ಲೆಫ್ಟಿಗೆ ಕೊಡ." "ಆಶೂ, ಹಿಂದ ನೋಡ." "ಹೊಡೀಬ್ಯಾಡ, ಹೊಡೀಬ್ಯಾಡ... ಹೊಡಿ." (ಇಷ್ಟೂ ಒಂದೇ ಚೆಂಡಿಗೆ.)

ಭಾನುವಾರವೂ ಹಾಗೇ. ಫಸ್ಟ್ ಹಾಫ್ ಮುಗಿದಾಗ ನಮ್ಮವರು ಸೊನ್ನೆ, ಎದುರಿನವರು ಎರಡು. ಅಶ್ವಿನಿ ಎರಡು ಸಲ ಗೋಲಿನ ಎದುರಿಗೇ ಚೆಂಡು ಕಳೆದುಕೊಂಡಿದ್ದಳು. ಹಂಪಿಹೊಳಿಯವರ ದನಿ ಒಡೆದು ಹೋಗಿತ್ತು.

ಹಾಫ್ ಟೈಮಿನಲ್ಲಿ ಹುಡುಗಿಯರು ಆಚೆ ತುದಿಯ ಬೇವಿನ ಮರದ ಕೆಳಗೆ ಕೋಚ್ ಸುತ್ತ ಸೇರಿದರು. ಹಂಪಿಹೊಳಿಯವರು ಪೆಂಡಾಲಿಗೆ ಬಂದು ಕೂತರು. ನೀರು ಕೇಳಿದರು, ಕುಡಿಯಲಿಲ್ಲ. ಲೋಟ ಕೆಳಗಿಟ್ಟು ಎಡಗೈ ತೋಳನ್ನು ಉಜ್ಜಿಕೊಳ್ಳುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಿಸಿಲು ಅಷ್ಟೇನೂ ಇರಲಿಲ್ಲ.

"ಏನಿಲ್ಲ, ಆ್ಯಸಿಡಿಟಿ" ಎಂದರು.

ಪೊನ್ನಪ್ಪನವರು ಅವರ ಮುಖ ನೋಡಿದರು. "ಆ್ಯಸಿಡಿಟಿ ಎಡಗೈಗೆ ಬರೋದಿಲ್ಲ. ಏಳಿ. ಈಗಲೇ ಹೋಗಬೇಕು" ಎಂದರು. ಯಾರದೋ ಮಾರುತಿ ವ್ಯಾನ್ ಪೆಂಡಾಲಿನ ಹಿಂದೆ ಬಂತು. ನಾಲ್ಕು ಜನ ಅವರನ್ನು ಕುರ್ಚಿ ಸಮೇತ ಎತ್ತಿ ಒಯ್ದರು. ನಮ್ಮನೆಯವರು ಜೊತೆಗೆ ಹತ್ತಿದರು. ರಾಮದಾಸಪೇಠಿನ ಆಸ್ಪತ್ರೆಗೆ ಎಂದಷ್ಟೇ ಗೊತ್ತಾಯಿತು.

ಹತ್ತುವ ಮೊದಲು ಹಂಪಿಹೊಳಿಯವರ ಹೆಂಡತಿ ವನಮಾಲಾ ನನ್ನ ಮಣಿಕಟ್ಟು ಹಿಡಿದರು. "ವೈನಿ, ನೀವು ಇಲ್ಲೇ ಇರ್ರಿ. ಆಶೂಗ ಹೇಳಬ್ಯಾಡ್ರಿ. ಮ್ಯಾಚ್ ಮುಗೀಲಿ. ಅವರು ಎದ್ದ ಕೂಡ್ಲೆ ಮ್ಯಾಚ್ ಏನಾತು ಅಂತನ ಕೇಳ್ತಾರ."

ವ್ಯಾನ್ ಹೋಯಿತು. ಸೀಟಿ ಊದಿದರು. ಆಟ ಶುರುವಾಯಿತು.

ನೀವೇ ಹೇಳಿ, ಅಂಥಾ ಹೊತ್ತಿನಲ್ಲಿ ಏನು ಮಾಡಬೇಕು? ಒಳಗೆ ಓಡಿಹೋಗಿ ಹುಡುಗಿಯನ್ನು ಕರೆತರಬೇಕೆ? ಅವಳು ಬಂದು ಆಸ್ಪತ್ರೆಯಲ್ಲಿ ಮಾಡುವುದೇನಿದೆ? ಆದರೆ, ಬಾಯಿಗೆ ತರಬಾರದ್ದು ಆಗಿಬಿಟ್ಟರೆ? ಇವಳು ಇಲ್ಲಿ ಕೋಲು ಹಿಡಿದು ಓಡುತ್ತಿದ್ದಳು, ನಾನು ನೋಡುತ್ತ ಕೂತಿದ್ದೆ ಎಂದು ಜನ್ಮವಿಡೀ ಕೇಳಬೇಕಾಗುತ್ತದಲ್ಲ? ಅವಳ ತಾಯಿಯ ಮಾತು ಮೀರಲೂ ಧೈರ್ಯವಿಲ್ಲ, ನಡೆಸಲೂ ಧೈರ್ಯವಿಲ್ಲ. ಪಕ್ಕದಲ್ಲಿ ಪೊನ್ನಪ್ಪ, ಜೋಶಿ ಇಬ್ಬರೂ ಆಟ ನೋಡುತ್ತಿದ್ದರು. ಹೇಗೆ ನೋಡಿದರೋ. ನಾನು ಗೇಟು ನೋಡಿದೆ.

ಒಂದು ಗೋಲು ಆಯಿತು ಎಂದು ಚಪ್ಪಾಳೆಯಿಂದ ತಿಳಿಯಿತು. ಎರಡನೆಯದು ಅಶ್ವಿನಿಯದು ಎಂದು ಜೋಶಿ ಹೇಳಿದರು. ಮೂರನೆಯದೂ ಅವಳದೇ, ಇನ್ನೇನು ಮ್ಯಾಚ್ ಮುಗಿಯಬೇಕು ಎನ್ನುವಾಗ. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಅಶ್ವಿನಿ ಆ ಗುಂಪಿನಿಂದ ಬಿಡಿಸಿಕೊಂಡು ನಮ್ಮ ಕಡೆ ಓಡಿಬಂದಳು. ಮೊಣಕಾಲ ತನಕ ಮೈದಾನದ ಕೆಂಪು ಮಣ್ಣು. ಮುಖದ ತುಂಬ ನಗು.

"ಕಾಕು, ಅಪ್ಪ ಎಲ್ಲೆ?"

"ಸ್ವಲ್ಪ ಎದಿ ನೋವು ಬಂತವಾ. ದವಾಖಾನಿಗೆ ಕರಕೊಂಡು ಹೋಗ್ಯಾರ. ನಾವೂ ಹೋಗೂಣು ನಡಿ."

"ಯಾವಾಗ?"

"ಹಾಫ್ ಟೈಮಿನ್ಯಾಗ."

ನಗು ಇಳಿಯಲು ಒಂದು ಕ್ಷಣ ಹಿಡಿಯಿತು. ಆಟೋದಲ್ಲಿ ಸ್ಟಿಕ್ ಮಡಿಲಲ್ಲಿಟ್ಟುಕೊಂಡು, ಅದರ ಹಿಡಿಯ ಟೇಪನ್ನು ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಸ್ಪತ್ರೆಯಲ್ಲಿ ಐಸಿಯು ಬಾಗಿಲು ಮುಚ್ಚಿತ್ತು. ವನಮಾಲಾ ಬೆಂಚಿನ ಮೇಲೆ ಕೂತಿದ್ದರು. ಮಗಳನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನಮ್ಮನೆಯವರು ಔಷಧಿ ಅಂಗಡಿಗೂ ಎಸ್‌ಟಿಡಿ ಬೂತಿಗೂ ಓಡಾಡುತ್ತಿದ್ದರು. ಡಾಕ್ಟರು ಏನೂ ಹೇಳಿರಲಿಲ್ಲ. ಹೇಳದಿರುವುದು ಒಳ್ಳೆಯದೋ ಕೆಟ್ಟದೋ?

ಹಿಂದೆಯೇ ಪೊನ್ನಪ್ಪ, ಜೋಶಿ ಬಂದರು. ಕೋಚ್ ಬೋರಕರ್ ಸರ್ ಕೂಡ ಸ್ಕೂಟರಿನಲ್ಲಿ ಬಂದರು. ಸ್ವಲ್ಪ ಹೊತ್ತು ಮೂವರೂ ಗೋಡೆಗೆ ಒರಗಿ ನಿಂತರು. ಗಂಡಸರಿಗೆ ಹೆದರಿಕೆಯಾದಾಗ ಕೈ ಎಲ್ಲಿಡಬೇಕು ಎಂದು ತಿಳಿಯುವುದಿಲ್ಲ. ಆಮೇಲೆ ಜೋಶಿ, "ಖರೇ ಅಂದ್ರ, ಎದುರಿನವರು ದಣದಿದ್ರು. ಅದಕ್ಕ ಗೆದ್ವಿ" ಎಂದರು.

ಅಷ್ಟೇ ಸಾಕಾಯಿತು.

"ದಣಿಯೋದೇನು ಬಂತು ಜೋಶಿಯವರೇ" ಎಂದರು ಪೊನ್ನಪ್ಪ. "ಸೆಂಟರ್ ಹಾಫ್ ಹುಡುಗಿಯನ್ನ ಮುಂದಕ್ಕೆ ಬಿಟ್ಟರಲ್ಲ, ಅಲ್ಲಿ ತಿರುಗಿತು ಮ್ಯಾಚು. ಅದುವರೆಗೆ ಫಾರ್ವರ್ಡಿಗೆ ಚೆಂಡೇ ತಲುಪ್ತಾ ಇರಲಿಲ್ಲ."

ಬೋರಕರ್ ಸರ್‌ಗೆ ಕನ್ನಡ ಬಾರದು. ಆದರೆ ಸೆಂಟರ್ ಹಾಫ್ ಎಂಬುದು ಎಲ್ಲ ಭಾಷೆಯಲ್ಲೂ ಸೆಂಟರ್ ಹಾಫ್. "ಮೈನೇ ಹಾಫ್ ಟೈಮ್ ಮೇ ಐಸಾ ಝಾಡಾ ನಾ ಸಬ್ ಕೋ" ಎಂದು ಶುರುಮಾಡಿದರು. ತಾವು ಬೈದದ್ದಕ್ಕೇ ಗೆದ್ದದ್ದು ಎಂಬುದು ಅವರ ವಾದ. ಇಲ್ಲ, ಆ ಪೆನಾಲ್ಟಿ ಕಾರ್ನರ್ ಅಂಪೈರ್ ಕೊಡದಿದ್ದರೆ ಏನಾಗುತ್ತಿತ್ತು ಎಂದು ಜೋಶಿ. ಕಾರ್ನರ್ ಕೊಡಿಸಿಕೊಂಡದ್ದೇ ಆಟ ಎಂದು ಪೊನ್ನಪ್ಪ. ದನಿ ಏರಿತು. ಒಬ್ಬ ನರ್ಸ್ ಹೊರಗೆ ಬಂದು, "ಕಾಕಾ, ಹಳೂ ಬೋಲಾ" ಎಂದು ಗದರಿದಳು. ಮೂವರೂ ದನಿ ತಗ್ಗಿಸಿ ಅದೇ ಜಗಳವನ್ನು ಪಿಸುಮಾತಿನಲ್ಲಿ ಮುಂದುವರಿಸಿದರು.

ನನಗೆ ಮೊದಲು ಸಿಟ್ಟು ಬಂತು. ಒಳಗೆ ಒಬ್ಬರ ಜೀವ ತೂಗುತ್ತಿದೆ, ಇವರಿಗೆ ಪೆನಾಲ್ಟಿ ಕಾರ್ನರ್. ಆಮೇಲೆ ಗಮನಿಸಿದೆ. ಐಸಿಯು ಬಾಗಿಲು ಸ್ವಲ್ಪ ಅಲುಗಿದರೂ ಮೂವರೂ ಅರ್ಧ ವಾಕ್ಯದಲ್ಲಿ ನಿಲ್ಲುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಅಲ್ಲ, ಎಲ್ಲಿಂದಲೋ ಮತ್ತೆ ಹಿಡಿಯುತ್ತಿದ್ದರು. ಮಾತು ನಿಂತರೆ ಇನ್ನೊಂದು ವಿಷಯ ಬಂದುಬಿಡುತ್ತದಲ್ಲ, ಅದರ ಅಂಜಿಕೆ.

ಕೊನೆಗೆ ಜೋಶಿ ಬೆಂಚಿನ ಕಡೆ ತಿರುಗಿದರು. "ಆಶೂ, ಆಡಿದಾಕಿ ನೀನು. ನೀನ ಹೇಳು. ಏನಾತು ಸೆಕೆಂಡ್ ಹಾಫಿನ್ಯಾಗ?"

ಅಶ್ವಿನಿ ನೆಲ ನೋಡುತ್ತಿದ್ದಳು. "ಅಪ್ಪನ ದನಿ ಬರಲಿಲ್ಲ" ಎಂದಳು.

ಯಾರಿಗೂ ತಿಳಿಯಲಿಲ್ಲ.

"ಯಾವಾಗಲೂ ಬಾಲ್ ಬರೂಕಿಂತ ಮೊದಲ ಅಪ್ಪನ ದನಿ ಬರ್ತದ. ಅದನ್ನ ಕೇಳೂದರಾಗ ಬಾಲ್ ಹೋಗಿರ್ತದ. ಇವತ್ತ ದನಿ ನಿಂತಿತ್ತು. ಸಿಟ್ಟಿಗೆದ್ದು ಮನಿಗೆ ಹೋಗ್ಯಾರ ಅಂತ ತಿಳದೆ." ಸ್ಟಿಕ್ಕಿನ ಟೇಪನ್ನು ಮತ್ತೆ ಬಿಚ್ಚಿದಳು. "ನನಗ ಸಮಾಧಾನ ಆತು, ಕಾಕಾ. ಚಲೋ ಆತು, ಹೋದ್ರು ಅನಿಸ್ತು. ಆರಾಮ ಆಡಿದೆ. ಆವಾಗ ಅಪ್ಪ ಇಲ್ಲೆ..."

ಜೋಶಿ ಕನ್ನಡಕ ತೆಗೆದು ಒರೆಸಿದರು. ಬೋರಕರ್ ಸರ್ ಏನು ಹೇಳಿದಳು ಎಂದು ನನ್ನನ್ನು ಕೇಳಿದರು. ನಾನು ಹೇಳಲಿಲ್ಲ.

ವನಮಾಲಾ ಮಗಳ ಮೊಣಕಾಲಿನ ಒಣಗಿದ ಮಣ್ಣನ್ನು ಸೆರಗಿನಿಂದ ಒರೆಸುತ್ತ, "ಅವರ ಎದಿ ಅವರ ಒದರಾಟಕ್ಕ ಹಿಡೀತು. ನೀ ಆಡಿದ್ದಕ್ಕಲ್ಲ. ನೀ ಸಮಾಧಾನದಿಂದ ಆಡಿದ್ದು ತಪ್ಪ ಅಲ್ಲ" ಎಂದರು. ಅಷ್ಟು ಸಾದಾ ದನಿಯಲ್ಲಿ. ಅವರ ಕೈ ಮಾತ್ರ ಮಣ್ಣು ಹೋದ ಮೇಲೂ ಒರೆಸುತ್ತಲೇ ಇತ್ತು.

ಡಾಕ್ಟರು ಹೊರಗೆ ಬಂದಾಗ ನಾವೆಲ್ಲ ಎದ್ದು ನಿಂತೆವು. ಹಾರ್ಟ್ ಅಟ್ಯಾಕೇ. ದೊಡ್ಡದಲ್ಲ. ಸಮಯಕ್ಕೆ ತಂದಿರಿ, ಇನ್ನೆರಡು ದಿನ ನೋಡೋಣ ಎಂದರು. ಆ ಎರಡು ದಿನ ನಮ್ಮ ಕ್ವಾರ್ಟರ್ಸಿನಲ್ಲಿ ಫೋನ್ ರಿಂಗಾದಾಗಲೆಲ್ಲ ಯಾರೂ ಮೊದಲು ಎತ್ತಲು ಹೋಗುತ್ತಿರಲಿಲ್ಲ.

ಬುಧವಾರ ವಾರ್ಡಿಗೆ ಹಾಕಿದ್ದಾರೆ ಎಂದು ತಿಳಿದು ಹೋದೆವು. ಹಂಪಿಹೊಳಿಯವರು ಸೊರಗಿದ್ದರು, ಗಡ್ಡ ಬೆಳೆದಿತ್ತು. ಗೆದ್ದದ್ದು ಅವರಿಗೆ ಆಗಲೇ ಗೊತ್ತಿತ್ತು. ಹೇಗೆ ಗೆದ್ದರು ಎಂಬುದು ಗೊತ್ತಿರಲಿಲ್ಲ. ಜೋಶಿ ಒಂದು ಹೇಳಿದರು. ಪೊನ್ನಪ್ಪ ಇನ್ನೊಂದು. ಹಾಸಿಗೆಯ ಎರಡೂ ಬದಿಯಿಂದ ಮತ್ತೆ ಶುರುವಾಯಿತು. ಹಂಪಿಹೊಳಿಯವರು ಕೈ ಎತ್ತಿ ಇಬ್ಬರನ್ನೂ ನಿಲ್ಲಿಸಿದರು.

"ನೀ ಹೇಳವಾ ಆಶೂ."

ಮನಸ್ಸಿಗೆ ನೋವಾಗುವಂಥದ್ದು ಏನೂ ಹೇಳಬೇಡಿ ಎಂದು ಡಾಕ್ಟರು ತಾಕೀತು ಮಾಡಿದ್ದರು. "ಆಮ್ಯಾಲೆ ಹೇಳಿದರಾತು, ಈಗ ಮಲಕೋರಿ" ಎಂದೆ. ಅಶ್ವಿನಿ ನನ್ನ ಕಡೆ ನೋಡಲಿಲ್ಲ. ಈ ಸಲ ಅವಳಿಂದ ಏನನ್ನೂ ಮುಚ್ಚಿಡಿಸುವ ಅಧಿಕಾರ ನನಗಿರಲಿಲ್ಲ.

"ಅಪ್ಪಾ, ನೀವು ಒದರಲಿಲ್ಲ. ಅದಕ್ಕ ನನಗ ಬಾಲ್ ಕಾಣಸ್ತು."

ಅವರು ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಎಂದರೆ, ವನಮಾಲಾ ನರ್ಸ್ ಎಲ್ಲಿದ್ದಾಳೆ ಎಂದು ಬಾಗಿಲ ಕಡೆ ನೋಡಿದರು. ಆಮೇಲೆ ಕಣ್ಣು ಬಿಟ್ಟು ಕೇಳಿದರು. "ಗೋಲ್ ಹೊಡದ ಮ್ಯಾಲೆ ನನ್ನ ಕಡೆ ನೋಡಿದ್ಯಾ?"

"ಎರಡೂ ಸಲ ನೋಡಿದೆ. ನೀವು ನಿಂದರೂ ಜಾಗಾ ಖಾಲಿ ಇತ್ತು. ಅದು ಚಲೋ ಅನಸಲಿಲ್ಲ."

"ಹಂಗಾರ ಮುಂದಿನ ಸಲ ಬರ್ತೀನಿ. ಬಾಯಾಗ ಅಡಕಿ ಇಟಗೊಂಡು ಕೂಡ್ತೀನಿ."

"ಡಾಕ್ಟರು ಅಡಕಿನೂ ಬ್ಯಾಡ ಅಂದಾರ" ಎಂದರು ವನಮಾಲಾ. ಆ ಮಾತಿಗೆ ಅಶ್ವಿನಿ ನಕ್ಕಳು, ನಗುತ್ತಲೇ ಅತ್ತಳು. ಹಂಪಿಹೊಳಿಯವರು ಸೂಜಿ ಚುಚ್ಚಿದ ಕೈಯನ್ನೇ ಅವಳತ್ತ ಚಾಚಿದರು.

ಹೊರಗೆ ಬಂದಾಗ ಪೊನ್ನಪ್ಪನವರು ಮೆಟ್ಟಿಲ ಮೇಲೆ ನಿಂತು, "ಹುಡುಗಿ ಹೇಳಿದ್ದು ಸರಿ ಇರಬಹುದು ಮೇಡಂ. ಆದರೂ ಸೆಂಟರ್ ಹಾಫ್ ಮುಂದೆ ಹೋಗದಿದ್ದರೆ..." ಎಂದರು. ಜೋಶಿ ಆಗಲೇ ತಲೆ ಆಡಿಸತೊಡಗಿದ್ದರು. ಆಡಿದವಳೇ ಹೇಳಿದರೂ ನೋಡಿದವರು ಒಪ್ಪುವುದಿಲ್ಲ.

ಮುಂದಿನ ಟೂರ್ನಮೆಂಟ್ ಬೇಸಿಗೆಗೆ ಮುಂಚೆ ಇದೆ. ಹೋಗಬಹುದೋ ಇಲ್ಲವೋ, ಡಾಕ್ಟರು ಹೇಳಿಲ್ಲ. ಕರೆದೊಯ್ದರೆ ಒಂದು ಭಯ, ಮನೆಯಲ್ಲಿ ಬಿಟ್ಟರೆ ಇನ್ನೊಂದು ಎನ್ನುತ್ತಾರೆ ವನಮಾಲಾ. ನಾನು ಕ್ಲಾಸಿನಲ್ಲಿ ಪಾಠ ಮಾಡುವವಳು. ಮಕ್ಕಳು ಲೆಕ್ಕ ಮಾಡುವಾಗ ಹಿಂದೆ ನಿಂತು "ಅದಲ್ಲ, ಅದಲ್ಲ" ಎನ್ನುವುದು ನನ್ನ ಕಸುಬು. ಗುರುವಾರ ಬಾಯಿ ಮುಚ್ಚಿಕೊಂಡು ನಿಲ್ಲಲು ನೋಡಿದೆ. ಅರ್ಧ ಲೆಕ್ಕ ಮುಗಿಯುವ ತನಕವೂ ಆಗಲಿಲ್ಲ.

ಮಕ್ಕಳಿಗೆ ಆಡಲು ಕಲಿಸಲು ಕೋಚ್ ಇದ್ದಾರೆ. ಸುಮ್ಮನೆ ಕೂತು ನೋಡುವುದನ್ನು ನಮಗೆ ಕಲಿಸುವವರು ಯಾರು?