ಕಳಿಂಗನ ಗೂಡು ಮತ್ತು ನಾನು ಕಸಿದ ಮರುಭೂಮಿ

ಇದನ್ನು ಬರೆಯಬೇಕು ಅಂದುಕೊಂಡು ವರ್ಷಗಳೇ ಕಳೆದವು. ಕಣ್ಣಿನ ಆಪರೇಷನ್ ಆಗಲಿ, ಮೊಮ್ಮಗಳ ಪರೀಕ್ಷೆ ಮುಗಿಯಲಿ, ಹೀಗೆ ಪ್ರತಿ ಸಲ ಒಂದು ನೆಪ. ನಿಗಡಿಯ ನಮ್ಮ ಮನೆಯ ಗೋಡೆಯ ಮೇಲೆ ಮರುಭೂಮಿಯ ಒಂದು ಫೋಟೋ ಇದೆ. ಬಂದವರು ಹೊಗಳುತ್ತಾರೆ. ನಾನು ಚಹಾ ತರಿಸಿ ಮಾತು ಬದಲಿಸುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಖಡಕಿಯ ಒಂದು ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ಓದಿದ್ದು ಮೆಟ್ರಿಕ್‌ವರೆಗೆ. ಭಾನುವಾರ ಬಂತೆಂದರೆ ನಾವು ಕೆಲವರು ಬಾಡಿಗೆ ಜೀಪು ಮಾಡಿಕೊಂಡು ಕ್ಯಾಮೆರಾ ಹೊತ್ತು ಹೊರಡುತ್ತಿದ್ದೆವು. ಮಳೆ ನಿಂತ ಮೇಲೆ ಭೀಮಾಶಂಕರದ ಕಾಡು, ಬೇಸಿಗೆಯಲ್ಲಿ ಸುಪೆ ಕಡೆಯ, ಚಿಂಕಾರಾ ಎಂಬ ಸಣ್ಣ ಜಿಂಕೆಗಳ ಬಯಲು. ನಮ್ಮ ಮುಂದಾಳು ಧಾರವಾಡ ಕಡೆಯ ನಿವೃತ್ತ ಮಾಸ್ತರರು. ನನಗೆ ಈ ಹುಚ್ಚು ಹಚ್ಚಿದವರು ಮಾತ್ರ ಊರಿನ ಕ್ಯಾಂಪ್ ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದ, ಉಡುಪಿ ಕಡೆಯ ಗೆಳೆಯರೊಬ್ಬರು. ನಾನು ಅವರನ್ನು ಮಾಲಕರ ಅಂತ ಕರೆಯುತ್ತಿದ್ದೆ, ಅವರು ನನ್ನನ್ನು ರಾಯರೇ ಅನ್ನುತ್ತಿದ್ದರು.

"ರಾಯ್ರೇ, ಹಕ್ಕಿ ಓಡುವುದು ನಿಮ್ಮನ್ನು ನೋಡಿ ಅಲ್ಲ, ನಿಮ್ಮ ಅಂಗಿ ನೋಡಿ. ಮದುವೆ ಮನೆಗೆ ಬಂದ ಹಾಗೆ ಬರುತ್ತೀರಲ್ಲ ಮಾರಾಯ್ರೆ!"

ಅವರಿಗೆ ಒಂದೇ ಆಸೆ. ರಾಜಸ್ಥಾನದ ಮರುಭೂಮಿಯ ಉದ್ಯಾನಕ್ಕೆ ಹೋಗಿ ಎರೆಬೂತವನ್ನು ನೋಡಬೇಕು. ಸೊಂಟದೆತ್ತರದ ಆ ದೊಡ್ಡ ಹಕ್ಕಿ ನಮ್ಮ ಕಡೆಯ ಎರೆಹೊಲಗಳಿಂದ ಹೆಚ್ಚುಕಡಿಮೆ ಮಾಯವಾಗಿತ್ತು. ಬರುವ ಚಳಿಗಾಲಕ್ಕೆ ಎಲ್ಲರೂ ಸೇರಿ ಹೋಗುವುದೆಂದು ಮಾಸ್ತರರು ಒಪ್ಪಿದ್ದರು. ಅವತ್ತಿನಿಂದ ಮಾಲಕರು ಬೇರೆ ಮಾತೇ ಆಡುತ್ತಿರಲಿಲ್ಲ.

ಮಾಲಕರ ಮೇಲೆ ನನ್ನ ಸಂಶಯ ಎಲ್ಲಿಂದ ಶುರುವಾಯಿತೆಂದು ಹೇಳುವುದು ಕಷ್ಟ. ಇಬ್ಬರೂ ಒಂದೇ ಕಡೆ ನಿಂತು ತೆಗೆದ ಫೋಟೋಗಳಲ್ಲಿ ಪ್ರದರ್ಶನಕ್ಕೆ ಆರಿಸುತ್ತಿದ್ದದ್ದು ಅವರದನ್ನೇ. ಏನೋ ಇದೆ, ನನಗೆ ತೋರಿಸದ ಏನೋ ಇದೆ ಅನಿಸತೊಡಗಿತು. ಅವರು ಬ್ಯಾಗಿನ ಝಿಪ್ ಎಳೆದರೆ ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ದುರ್ಬೀನು ಕೈಗೆ ಕೊಡಲು ತುಸು ತಡವಾದರೂ, ನೋಡಬೇಕಾದ್ದನ್ನು ತಾವು ನೋಡಿ ಮುಗಿಸಿ ಕೊಟ್ಟರು ಅನಿಸುತ್ತಿತ್ತು.

ಆ ಬೇಸಿಗೆಯ ಕೊನೆಗೆ ಸುಪೆಯ ಜಾಲಿ ಕಂಟಿಯೊಂದರಲ್ಲಿ ಕಳಿಂಗ ಹಕ್ಕಿಯ ಗೂಡನ್ನು ಹುಡುಕಿದವರೂ ಅವರೇ. ಬೇರೆ ಯಾರನ್ನೂ ಕರೆಯದೆ ಮೊದಲು ನನ್ನನ್ನು ಕರೆದರು. ಒಳಗೆ ಮರಿಗಳಿದ್ದವು. ಗೂಡಿಗೆ ಅಡ್ಡ ಬರುವ ಕೊಂಬೆಯನ್ನು ಸುತಳಿಯಿಂದ ಪಕ್ಕಕ್ಕೆ ಕಟ್ಟಿ ಫೋಟೋ ತೆಗೆಯುವುದು ಆಗ ನಮ್ಮಲ್ಲಿ ರೂಢಿ. ಕಟ್ಟಿದವರೇ ಬಿಚ್ಚಬೇಕು ಎಂಬುದು ಮಾಸ್ತರರ ಕಟ್ಟಪ್ಪಣೆ. ಮಾಲಕರು ಕಟ್ಟಲಿಲ್ಲ.

"ಇರಲಿ ಬಿಡಿ, ಅದು ಅವುಗಳ ಮನೆಯ ಪರದೆ" ಅಂದು, ಸಂದಿಯಿಂದಲೇ ತೆಗೆದು ಜೀಪಿನ ಕಡೆ ನಡೆದರು.

ನಾನು ಕಟ್ಟಿದೆ. ಇನ್ನೇನು ಬಿಚ್ಚಬೇಕು, ಅಷ್ಟರಲ್ಲಿ ಜೀಪಿನವರು ಕೂಗಿದರು, ಚಿಂಕಾರಾ ಹಿಂಡು ಬಂದಿದೆ ಅಂತ. ಓಡಿದೆ.

ಆ ವಾರದ ನಡುವೆ, ಬುಧವಾರ, ಕೆಲಸದ ಮೇಲೆ ಕ್ಯಾಂಪಿಗೆ ಹೋದಾಗ ಹೋಟೆಲಿಗೆ ಇಣುಕಿದೆ. ಗಲ್ಲಾದ ಮೇಲೆ ಅವರಿರಲಿಲ್ಲ. "ಮಧ್ಯಾಹ್ನವೇ ಹೊರಗೆ ಹೋದ್ರು" ಅಂದರು ಕೆಲಸದವರು. ಅವರೊಬ್ಬರೇ ಗೂಡಿನ ಹತ್ತಿರ ಹೋಗಿದ್ದಾರೆ ಎಂದು ಆ ಕ್ಷಣವೇ ತೀರ್ಮಾನಿಸಿದೆ. ತಮ್ಮ ಫೋಟೋ ಆದ ಮೇಲೆ ಬೇರೆಯವರಿಗೆ ಸಿಗಬಾರದೆಂದು ಗೂಡು ಕೆಡಿಸುವವರೂ ಇದ್ದಾರೆಂಬ ಮಾತು ಫೋಟೋದವರ ನಡುವೆ ಓಡಾಡುತ್ತಿತ್ತು.

ಭಾನುವಾರ ಎಲ್ಲರಿಗಿಂತ ಮುಂದೆ ಹೋಗಿ ನೋಡಿದೆ. ಗೂಡು ಹರಿದಿತ್ತು, ಮರಿಗಳಿರಲಿಲ್ಲ. ಕೊಂಬೆ ನಾನು ಕಟ್ಟಿದ ಹಾಗೆಯೇ ಪಕ್ಕಕ್ಕೆ ವಾಲಿಕೊಂಡಿತ್ತು. ಮರೆಯಿಲ್ಲದ ಗೂಡನ್ನು ಕಾಗೆಗಳು ಬಿಟ್ಟಾವೇ? ನನಗೆ ಗೊತ್ತಾಯಿತು. ಗೊತ್ತಾದ ಮೇಲೆಯೇ ಸುತಳಿ ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಹಿಂದೆ ಬಂದ ಮಾಸ್ತರರಿಗೆ ಮೆಲ್ಲಗೆ ಹೇಳಿದೆ:

"ನಡಕ ಯಾರೋ ಬಂದು ಹೋಗ್ಯಾರ್ರೀ ಸರ. ಬುಧವಾರ ಮಾಲಕರು ಹೋಟೆಲದಾಗ ಇರಲಿಲ್ಲ."

ಅಷ್ಟೇ ಹೇಳಿದ್ದು. ಉಳಿದದ್ದನ್ನು ಜೀಪಿನೊಳಗಿನ ಪಿಸುಮಾತೇ ಮಾಡಿತು. ವಾಪಸು ಬರುವಾಗ ಮಾಲಕರು ತಂದಿದ್ದ ಇಡ್ಲಿ ಪೊಟ್ಟಣವನ್ನು ಯಾರೂ ಬಿಚ್ಚಲಿಲ್ಲ. ಕೆಲವು ವಾರಗಳಲ್ಲಿ ಮಾಸ್ತರರು ನನ್ನನ್ನು ಕೇಳಿದರು, "ಇಂಥವರನ್ನ ಮರುಭೂಮಿಗೆ ಕರಕೊಂಡು ಹೋಗೋದು ಬ್ಯಾಡೇನೋ. ನೀ ಏನಂತಿ?"

"ನಿಮಗ ತಿಳಿದಂಗ ಮಾಡ್ರಿ ಸರ."

ಅದು ಕಿವಿಗೆ ಬಿದ್ದ ಮೇಲೆ ಮಾಲಕರು ನನ್ನನ್ನು ಹೋಟೆಲಿಗೆ ಕರೆಸಿದರು. ಕಾಫಿ ತಾವೇ ತಂದಿಟ್ಟರು.

"ಎಲ್ಲರೂ ಏನಾದರೂ ಹೇಳಲಿ. ನೀವು ಹೇಳಿ ರಾಯ್ರೇ, ನಾನು ಗೂಡಿಗೆ ಕೈ ಹಾಕುವವನಾ?"

ನಾನು ಕಾಫಿ ಕುಡಿಯತೊಡಗಿದೆ. ಅವರೇ ಮತ್ತೆ ಕೇಳಿದರು:

"ಆ ಕೊಂಬೆ ನೀವು ಅವತ್ತೇ ಬಿಚ್ಚಿ ಬಂದಿದ್ದಿರಲ್ಲಾ?"

"ಹೌದ್ರಿ, ಬಿಚ್ಚೇ ಬಂದೆ."

ಅವರು ನನ್ನ ಮುಖ ನೋಡಿ, "ಹಾಗಾದರೆ ಸರಿ" ಅಂದು ಗಲ್ಲಾಕ್ಕೆ ಹೋದರು. ಅವರಿಗೆ ಗೊತ್ತಿತ್ತೇ? ಗೊತ್ತಿದ್ದೂ ಯಾರಿಗೂ ಹೇಳಲಿಲ್ಲವೇ? ಆಮೇಲೆ ಈ ಸಂಶಯ ನನ್ನನ್ನು ಬಿಡಲಿಲ್ಲ. ಬುಧವಾರ ಅವರು ಎಲ್ಲಿಗೆ ಹೋಗಿದ್ದರೋ ನನಗೆ ಇವತ್ತಿಗೂ ತಿಳಿಯದು.

ಚಳಿಗಾಲದಲ್ಲಿ ಅವರನ್ನು ಬಿಟ್ಟು ಹೋದೆವು. ಎರೆಬೂತ ಸಿಕ್ಕಿತು. ಒಣ ಹುಲ್ಲಿನ ನಡುವೆ ಕುತ್ತಿಗೆ ಎತ್ತಿಕೊಂಡು, ಯಾರ ಅವಸರವೂ ತನಗಿಲ್ಲ ಎಂಬಂತೆ ನಡೆಯಿತು. ಮಾಸ್ತರರು ನನ್ನ ಬೆನ್ನು ತಟ್ಟಿದರು. ಅವರು ಮತ್ತೊಬ್ಬರ ಕಿವಿಯಲ್ಲಿ ಏನೋ ಹೇಳಿದರೂ ನನ್ನ ವಿಷಯವೇ ಇರಬೇಕೆಂದು ದಾರಿಯುದ್ದಕ್ಕೂ ಕಿವಿಗೊಟ್ಟು ಕೂತೆ.

ವಾಪಸು ಬಂದ ಮೇಲೆ ಕ್ಯಾಂಪಿನ ರಸ್ತೆಯಲ್ಲಿ ಮಾಲಕರು ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಸಿಕ್ಕಿತಾ?"

"ಸಿಕ್ತರೀ."

"ಹಾರಿತಾ, ನಡೆಯಿತಾ?"

"ನಡೀತು. ಭಾಳ ಹೊತ್ತು ನಡೀತು."

"ನೋಡಿ, ನಡೆಯುವುದೇ ಅದರ ಚಂದ ಅಂತ ನಾನು ಹೇಳಿರಲಿಲ್ಲವಾ!" ಅಂದರು. ಮುಖದಲ್ಲಿ ನಿಜವಾದ ಖುಷಿ ಇತ್ತು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಕಚೇರಿಗೆ ತಡವಾಯಿತು ಅಂದು ಬಸ್ಸು ಹತ್ತಿದೆ.

ಕೆಲವು ವರ್ಷಗಳ ನಂತರ ಹೋಟೆಲು ಬೇರೆಯವರ ಕೈಗೆ ಹೋಯಿತು. ಮಾಲಕರು ಊರಿಗೆ ಹೋದರೆಂದು ಕೇಳಿದೆ. ವಿಳಾಸ ಕೇಳಿ ಪಡೆಯಬಹುದಿತ್ತು, ಪಡೆಯಲಿಲ್ಲ. ಮಾಸ್ತರರು ತೀರಿಕೊಳ್ಳುವ ಮುಂಚೆ ಅವರಿಗೆ ಎಲ್ಲವನ್ನೂ ಹೇಳಿದೆ. ಹೆಂಡತಿಗೂ ಹೇಳಿದ್ದೇನೆ, ದೇವರ ಮುಂದೆಯೂ ಹೇಳಿದ್ದೇನೆ. ಹೇಳದೆ ಉಳಿದದ್ದು ಒಬ್ಬರಿಗೆ ಮಾತ್ರ. ಗೂಡು ಕಂಡ ಕೂಡಲೇ ನನ್ನನ್ನು ಮೊದಲು ಕರೆದ ಮಾಲಕರಿಗೆ.